ಮಡಿಕೇರಿ ಮಳೆಗೆ ತಡೆಯುವ ಜಮಖಾನ: ನಮ್ಮ ಸಣ್ಣ ಹಾಲ್‌ಗೆ ಎರಡು ತುಂಡಿನ ಹಾಸು

ಜುಲೈ ಎರಡನೇ ವಾರ. ಮಗಳ ಪೆನ್ಸಿಲ್ ಕಾರ್ಪೆಟ್ ಅಡಿಗೆ ಹೋಗಿತ್ತು. ತೆಗೆಯೋಣ ಅಂತ ಮೂಲೆ ಎತ್ತಿದೆ. ಕೈಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತು. ಇನ್ನೂ ಒಂದಡಿ ಮಡಚಿದಾಗ ವಾಸನೆ ಬಂತು. ಹಳೇ ಗೋಣಿಚೀಲ ಮತ್ತು ರಬ್ಬರ್ ಚಪ್ಪಲಿ ಎರಡನ್ನೂ ಒಟ್ಟಿಗೆ ನೆನೆಸಿಟ್ಟ ಹಾಗೆ. ಕಾರ್ಪೆಟ್ಟಿನ ಬೆನ್ನಿಗೆ ಅಂಟಿಸಿದ್ದ ಬಟ್ಟೆಯ ಮೇಲೆ ಹಸಿರು-ಕಪ್ಪು ಬೂಷ್ಟು. ಅಡಿಯ ರೆಡ್ ಆಕ್ಸೈಡ್ ನೆಲದಲ್ಲಿ ಅದೇ ಆಕಾರದ ಮಸುಕು ಕಲೆ. ಮೂರು ವರ್ಷ ಅದರ ಮೇಲೇ ಮಗಳು ಆಡಿದ್ದಾಳೆ, ಅತ್ತೆ ಕಾಲು ಚಾಚಿ ಕೂತಿದ್ದಾರೆ. ನನಗೆ ತುಂಬಾ ಬೇಜಾರಾಯಿತು. ಅವತ್ತೇ ಅದನ್ನು ಸುತ್ತಿ ಹೊರಗೆ ಹಾಕಿದೆವು. ಸುತ್ತಲು ಇಬ್ಬರು, ಎತ್ತಲು ಮೂವರು ಬೇಕಾಯಿತು.

ಹಾಸೇ ಬೇಡ ಅಂತ ಬಿಡುವ ಹಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ನೆಲದ ಮೇಲೆ ಬರಿಗಾಲಿಟ್ಟರೆ ಮೊಣಕಾಲಿನ ತನಕ ಥಂಡಿ ಏರುತ್ತದೆ. ಅತ್ತೆಗೆ ಮಂಡಿನೋವು. ಸೋಫಾದಲ್ಲಿ ಕೂತರೂ ಕಾಲು ನೆಲಕ್ಕೇ ಬರಬೇಕಲ್ಲ. ಹಾಗಾಗಿ ಹೊಸದು ಬೇಕು, ಆದರೆ ಈ ಸಲ ಸರಿಯಾಗಿ ನೋಡಿ ಆರಿಸಬೇಕು ಅಂತ ತೀರ್ಮಾನ ಮಾಡಿದೆ. ಈ ಕೆಲಸ ಮುಗಿಯಲು ಸರಿಯಾಗಿ ಒಂದು ವರ್ಷ ಹಿಡಿಯಿತು. ಏನೇನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಬರೆದಿಟ್ಟಿದ್ದನ್ನೇ ಇಲ್ಲಿ ಹಾಕುತ್ತಿದ್ದೇನೆ. ಮಳೆನಾಡಿನ ಸಣ್ಣ ಮನೆಗಳಲ್ಲಿ ಇರುವವರಿಗೆ ಉಪಯೋಗಕ್ಕೆ ಬರಬಹುದು.

ಹಳೆಯದು ಹಾಳಾಗಿದ್ದು ಯಾಕೆ

ಹೊರಗೆ ಹಾಕುವ ಮುಂಚೆ ಅದರ ಒಂದು ಮೂಲೆ ಬಿಚ್ಚಿ ನೋಡಿದೆ. ಅದು ಟಫ್ಟೆಡ್ ಕಾರ್ಪೆಟ್. ಅಂದರೆ ನೇಯ್ದದ್ದೂ ಅಲ್ಲ, ಗಂಟು ಹಾಕಿದ್ದೂ ಅಲ್ಲ. ಬಿಗಿದು ಕಟ್ಟಿದ ಬಟ್ಟೆಗೆ ಗನ್ನಿನಿಂದ ನೂಲು ಚುಚ್ಚಿರುತ್ತಾರೆ. ನೂಲು ಕಿತ್ತು ಬರಬಾರದು ಅಂತ ಹಿಂಬದಿಗೆ ಲೇಟೆಕ್ಸ್ ಅಂಟು ಬಳಿಯುತ್ತಾರೆ. ಆ ಅಂಟು ಕಾಣಬಾರದು ಅಂತ ಇನ್ನೊಂದು ಬಟ್ಟೆ ಮುಚ್ಚುತ್ತಾರೆ. ಒಣ ಊರಿನಲ್ಲಿ ಇದು ಎಷ್ಟೋ ವರ್ಷ ಬಾಳುತ್ತದೆ. ನಮ್ಮಲ್ಲಿ ತೇವ ಆ ಎರಡು ಬಟ್ಟೆಗಳ ಮಧ್ಯೆ ಸೇರಿಕೊಂಡು ಹೊರಗೆ ಬರಲು ದಾರಿಯೇ ಇಲ್ಲದೆ ಕೂತುಬಿಡುತ್ತದೆ. ಲೇಟೆಕ್ಸ್ ಮೆಲ್ಲಗೆ ಹಳಸಿ ಪುಡಿಯಾಗುತ್ತದೆ. ಅಂಟಿಗೆ ಬೆರೆಸಿರುವ ಸೀಮೆಸುಣ್ಣದ ಪುಡಿಯೇ ನನ್ನ ಕೈಗೆ ಹತ್ತಿದ ಬಿಳಿ ಪುಡಿ.

ಅಂಗಡಿಯಲ್ಲಿ ಇದನ್ನು ಗುರುತಿಸುವುದು ಸುಲಭ. ಮೂಲೆ ತಿರುಗಿಸಿ ಬೆನ್ನು ನೋಡಿ. ನೇಯ್ದದ್ದಾದರೆ ಅಥವಾ ಕೈಗಂಟಿನದ್ದಾದರೆ ಮೇಲಿನ ಚಿತ್ತಾರ ಹಿಂದೆಯೂ ಕಾಣುತ್ತದೆ. ಹಿಂದೆ ಸಾದಾ ಬಟ್ಟೆ ಮುಚ್ಚಿದ್ದರೆ ಒಳಗೆ ಅಂಟು ಇದೆ ಅಂತ ಅರ್ಥ. ಕೊಡಗಿನಲ್ಲಿ ಇರುವವರಿಗೆ ನಾನು ಅಂಥದ್ದನ್ನು ಬೇಡ ಅಂತಲೇ ಹೇಳುತ್ತೇನೆ, ಎಷ್ಟೇ ಚೆನ್ನಾಗಿ ಕಂಡರೂ ಸರಿ.

ತೇವ ಎಲ್ಲಿಂದ ಬರುತ್ತಿದೆ

ಹೊಸದು ಕೊಳ್ಳುವ ಮೊದಲು ಇದು ಗೊತ್ತಾಗಬೇಕಿತ್ತು. ತೇವ ಗಾಳಿಯಿಂದ ಬಂದಿದ್ದಾ, ನೆಲದಿಂದ ಎದ್ದಿದ್ದಾ? ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಒತ್ತಿ ಅಂಟಿಸಬೇಕು. ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲದ ಬಣ್ಣ ಕಪ್ಪಾದರೆ ನೀರು ನೆಲದೊಳಗಿಂದ ಬರುತ್ತಿದೆ. ಹಾಳೆಯ ಮೇಲೆ ಹನಿ ಕೂತಿದ್ದರೆ ಅದು ಗಾಳಿಯ ತೇವ, ತಣ್ಣಗಿನ ನೆಲಕ್ಕೆ ತಾಗಿ ನೀರಾಗಿದೆ.

ನಾನು ಮೂರು ಕಡೆ ಅಂಟಿಸಿದೆ. ಸೋಫಾ ಇರುವ ಒಳಗೋಡೆಯ ಹತ್ತಿರ ಒಂದು, ಮಧ್ಯಕ್ಕೆ ಒಂದು, ಕಿಟಕಿ ಇರುವ ಹೊರಗೋಡೆಯ ಬುಡಕ್ಕೆ ಒಂದು. ಮರುದಿನ ಸಂಜೆ ನೋಡಿದರೆ ಮೊದಲ ಎರಡರ ಅಡಿ ಒಣಗಿಯೇ ಇತ್ತು. ಹೊರಗೋಡೆಯ ಹತ್ತಿರದ್ದರ ಅಡಿಯಲ್ಲಿ ಸಣ್ಣ ಸಣ್ಣ ಹನಿ, ನೆಲ ಕಡುಗೆಂಪಾಗಿತ್ತು. ಹಾಳೆಯನ್ನು ಸ್ವಲ್ಪ ಸ್ವಲ್ಪ ಒಳಗೆ ಸರಿಸುತ್ತಾ ನಾಲ್ಕು ದಿನ ಇದೇ ಮಾಡಿದೆ. ಹೊರಗೋಡೆಯಿಂದ ಸುಮಾರು 2 ಅಡಿ ಅಗಲದ ಪಟ್ಟಿಯಲ್ಲಿ ಮಾತ್ರ ನೆಲ ನೀರು ಬಿಡುತ್ತಿತ್ತು. ಹಳೇ ಕಾರ್ಪೆಟ್ಟನ್ನು ನಾವು ಸೋಫಾಗೆ ತಾಗಿಸದೆ ಕಿಟಕಿ ಕಡೆಗೆ ಸರಿಸಿ ಹಾಕಿದ್ದೆವು. ಅದರ ಕಾಲು ಭಾಗ ಇದೇ ಪಟ್ಟಿಯ ಮೇಲೆ ಬಿದ್ದಿತ್ತು.

ಕೊಡೆ ಹಿಡಿದು ಹೊರಗೆ ಹೋಗಿ ಆ ಗೋಡೆಯ ಹಿಂದೆ ನೋಡಿದೆ. ದರೆಯಿಂದ (ಮನೆ ಹಿಂದಿನ ಕಡಿದ ಗುಡ್ಡದಿಂದ) ಜಾರಿದ ಮಣ್ಣು ವರ್ಷವರ್ಷವೂ ಸೇರಿ ಗೋಡೆ ಬುಡದಲ್ಲಿ ಒಂದಡಿಗಿಂತ ಮೇಲೆ ನಿಂತಿದೆ. ಅದರ ಮೇಲೆ ಜರಿಗಿಡ ಬೇರೆ ಬೆಳೆದಿದೆ. ಒಳಗಿನ ನೆಲಕ್ಕಿಂತ ಹೊರಗಿನ ಮಣ್ಣೇ ಎತ್ತರ. ಅಡಿಯಲ್ಲಿದ್ದ ಕಲ್ಲಿನ ಚರಂಡಿ ಪೂರ್ತಿ ಮುಚ್ಚಿಹೋಗಿತ್ತು. ನೀರು ಹೋಗಲು ಜಾಗವಿಲ್ಲದೆ ಗೋಡೆಯ ಅಡಿಯಿಂದಲೇ ಹಾಲ್‌ಗೆ ಬರುತ್ತಿತ್ತು. ಇಲ್ಲಿನ ಹಳೇ ಮನೆಗಳ ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಕುವ ಪದ್ಧತಿ ಇರಲಿಲ್ಲ. ಮಣ್ಣು, ಜಲ್ಲಿ, ಮೇಲೆ ಸಿಮೆಂಟು, ಅಷ್ಟೇ. ತೇವ ಮೇಲೆ ಏರುವುದನ್ನು ತಡೆಯುವಂಥದ್ದು ಏನೂ ಇರುವುದಿಲ್ಲ.

ಮಳೆಯಲ್ಲಿ ದರೆ ಬುಡ ಅಗೆಯುವುದು ಅಪಾಯ. ಹಾಗಾಗಿ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ನಾನೂ ನಮ್ಮವರೂ ಎರಡು ಭಾನುವಾರ ಕೂತು ಆ ಮಣ್ಣು ತೆಗೆದೆವು. ಒಂದೇ ಸಲ ಉದ್ದಕ್ಕೂ ಅಗೆಯಲಿಲ್ಲ. ಮೂರು ಮೂರು ಅಡಿಯಂತೆ, ದರೆ ಕಡೆಗೆ ಇಳಿಜಾರು ಉಳಿಸಿಕೊಂಡು ತೆಗೆದೆವು. ಚರಂಡಿ ಒಳನೆಲಕ್ಕಿಂತ ಅರ್ಧ ಅಡಿ ಕೆಳಗೆ ಸಿಕ್ಕಿತು. ಅದರ ಕಲ್ಲುಗಳನ್ನು ಮತ್ತೆ ಕೂರಿಸಿ, ಹಿತ್ತಲ ಕಡೆಗೆ ನೀರು ಹರಿಯುವ ಹಾಗೆ ಓಟ ಕೊಟ್ಟೆವು. ಒಂದು ಬಕೆಟ್ ನೀರು ಸುರಿದು, ಅದು ಎಲ್ಲೂ ನಿಲ್ಲದೆ ಹರಿದು ಹೋಗುವುದನ್ನು ನೋಡಿ ಒಳಗೆ ಬಂದೆವು. ಕಾರ್ಪೆಟ್ ಆರಿಸುವ ಕೆಲಸ ಹಾರೆ-ಗುದ್ದಲಿಯಿಂದ ಶುರುವಾಗಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ. ಆದರೆ ಇದನ್ನು ಮಾಡದೆ ಎಂಥ ಒಳ್ಳೆಯ ಹಾಸು ತಂದಿದ್ದರೂ ಅದಕ್ಕೂ ಅದೇ ಗತಿ ಆಗುತ್ತಿತ್ತು.

ತುಂಡು ಬಟ್ಟೆಗಳ ಪರೀಕ್ಷೆ

ಮಣ್ಣು ತೆಗೆಯುವ ಮುಂಚೆಯೇ, ಆಗಸ್ಟ್‌ನಲ್ಲಿ, ಯಾವ ನೂಲು ಅಂತ ನೋಡಲು ಶುರು ಮಾಡಿದ್ದೆ. ಹೊಸದೇನೂ ಕೊಳ್ಳಲಿಲ್ಲ. ಅಟ್ಟದಲ್ಲಿದ್ದ ಹರಿದ ಹತ್ತಿ ಜಮಖಾನದಿಂದ ಒಂದು ತುಂಡು, ಮಾವ ಇದ್ದಾಗ ತಂದಿದ್ದ ಚಳ್ಳಕೆರೆ ಕಡೆಯ ಕುರಿ ಕಂಬಳಿಯ ಅಂಚು, ಸೆಣಬಿನ ಬಾಗಿಲು ಹಾಸು, ಹಿತ್ತಲಲ್ಲಿ ಬಿದ್ದಿದ್ದ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್ ನೂಲಿನ) ಚಾಪೆ. ಪ್ರತಿಯೊಂದರಿಂದ 100 ಗ್ರಾಂಗಿಂತ ಸ್ವಲ್ಪ ಜಾಸ್ತಿ ಕತ್ತರಿಸಿ, ಬಚ್ಚಲ ಒಲೆಯ ಹತ್ತಿರ ಎರಡು ದಿನ ಚೆನ್ನಾಗಿ ಒಣಗಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸರಿಯಾಗಿ 100 ಗ್ರಾಂ ಮಾಡಿ ಹಾಲ್‌ನಲ್ಲಿ ತೂಗುಹಾಕಿದೆ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಆ ವಾರ ಶೇ 88ರಿಂದ 92 ತೋರಿಸುತ್ತಿತ್ತು.

ಮೂರು ದಿನದ ಮೇಲೆ ಹತ್ತಿ 109 ಗ್ರಾಂ, ಉಣ್ಣೆ 113, ಸೆಣಬು 116. ಪಾಲಿಪ್ರೊಪಿಲೀನ್ ಮಾತ್ರ ಹಾಗೇ 100. ಒಂದು ಹನಿ ನೀರೂ ಹಾಕಿರಲಿಲ್ಲ, ಇದೆಲ್ಲ ಬರೀ ಗಾಳಿಯಿಂದ ಹೀರಿದ್ದು. ನೂಲಿನ ಗುಣವೇ ಹೀಗೆ. ಶೇ 65 ತೇವವಿರುವ ಸಾಧಾರಣ ಗಾಳಿಯಲ್ಲೇ ಹತ್ತಿ ತನ್ನ ಒಣ ತೂಕದ ಶೇ 8ರಷ್ಟು, ಸೆಣಬು ಶೇ 13ರಷ್ಟು, ಉಣ್ಣೆ ಶೇ 16ರ ಹತ್ತಿರ ನೀರು ಹಿಡಿದಿರುತ್ತದೆ. ನಮ್ಮ ಜುಲೈ-ಆಗಸ್ಟ್‌ನಲ್ಲಿ ಇನ್ನೂ ಜಾಸ್ತಿ. ಒಲೆಯ ಹತ್ತಿರ ಒಣಗಿಸಿದ ಮೇಲೂ ನನ್ನ ತುಂಡುಗಳಲ್ಲಿ ಸ್ವಲ್ಪ ನೀರು ಉಳಿದಿರಬೇಕು, ಅದಕ್ಕೇ ನನ್ನ ತಕ್ಕಡಿಯಲ್ಲಿ ಕಡಿಮೆ ಬಂದಿದ್ದು.

ಆಮೇಲೆ ಎಲ್ಲವನ್ನೂ ನೀರಿನಲ್ಲಿ ಅದ್ದಿ, ಹಿಂಡಿ, ಹಾಲ್‌ನಲ್ಲೇ ಒಣಹಾಕಿದೆ. ಹತ್ತಿ ಜಮಖಾನದ ತುಂಡು ಎರಡನೇ ದಿನ ಸಂಜೆಗೆ ಒಣಗಿತು. ಸೆಣಬು ಮೂರನೇ ದಿನ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತು, ಐದನೇ ದಿನ ಬೂಷ್ಟು. ಕಂಬಳಿ ವಿಷಯದಲ್ಲಿ ನನಗೆ ಒಂದು ಹೊಸ ಸಂಗತಿ ತಿಳಿಯಿತು. ಅದು ಮೂರನೇ ದಿನ ಕೈಗೆ ಒಣಗಿದ ಹಾಗೇ ಇತ್ತು. ತೂಗಿ ನೋಡಿದರೆ ಇನ್ನೂ 20 ಗ್ರಾಂ ನೀರು ಒಳಗೇ ಇದೆ! ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಗದ್ದೆ-ತೋಟದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ನಿಲ್ಲಲು ಆಗುತ್ತಿದ್ದದ್ದು ಇದೇ ಗುಣದಿಂದ. ಮೈಮೇಲೆ ಅದು ವರ. ನೆಲದ ಮೇಲೆ ಹಾಸಿದರೆ ಅದೇ ತೊಂದರೆ, ಯಾಕಂದರೆ ಒಣಗಿದೆ ಅಂದುಕೊಂಡು ನಾವು ಹಾಗೇ ಬಿಟ್ಟುಬಿಡುತ್ತೇವೆ.

ಪಾಲಿಪ್ರೊಪಿಲೀನ್ ನೀರು ಹೀರುವುದಿಲ್ಲ, ಬೂಷ್ಟು ಹಿಡಿಯುವುದೂ ಕಡಿಮೆ. ಮಳೆಗೆ ಅದೇ ಸರಿ ಅಲ್ವಾ ಅಂತ ನಮ್ಮವರು ಕೇಳಿದರು. ಸರಿಯೇ. ಸಿಟೌಟ್‌ಗೆ ನಾನೂ ಅದನ್ನೇ ಹಾಕಿದ್ದೇನೆ. ಆದರೆ ಅತ್ತೆ ಅದರ ಮೇಲೆ ಕಾಲಿಟ್ಟು ನೋಡಿ, "ಇದು ನೆಲದಷ್ಟೇ ತಣ್ಣಗಿದೆಯಲ್ಲಮ್ಮ" ಅಂದರು. ಅವರ ಕಾಲಿಗೇ ಅಲ್ವಾ ಇಷ್ಟೆಲ್ಲ ಮಾಡುತ್ತಿರುವುದು. ಅಲ್ಲಿಗೆ ಆ ಮಾತು ಮುಗಿಯಿತು.

ಇದರ ಮಧ್ಯೆ ಆಗಸ್ಟ್ 3, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ ಬಂತು. ಅವತ್ತು ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪಿನ ಪಾಯಸ ಮಾಡುವುದು ಇಲ್ಲಿನ ರೂಢಿ. ಮದ್ದುಸೊಪ್ಪಿನ ಪಾಯಸ ಮಾಡಿದ ಮನೆಯಲ್ಲಿ ಅದರ ನೇರಳೆ ಬಣ್ಣ ಹತ್ತದ ಪಾತ್ರೆ, ಬಟ್ಟೆ ಇರುವುದಿಲ್ಲ. ಪ್ರತಿ ವರ್ಷ ಒಂದು ಚಮಚವಾದರೂ ಹಾಲ್‌ನಲ್ಲಿ ಬೀಳುತ್ತದೆ. ಈ ಸಲ ನಾನೇ ಬೇಕಂತ ಹತ್ತಿ ತುಂಡಿನ ಮೇಲೆ ಎರಡು ಹನಿ ಹಾಕಿದೆ. ತಿಳಿ ಹಳದಿ ಪಟ್ಟೆಯ ಮೇಲೆ ಒಂದು, ಕಡುಗೆಂಪು ಪಟ್ಟೆಯ ಮೇಲೆ ಒಂದು. ಕೂಡಲೇ ತಣ್ಣೀರಿನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ ತೆಗೆದೆ. ಹಳದಿಯ ಮೇಲೆ ನೆರಳು ಉಳಿಯಿತು. ಕೆಂಪಿನ ಮೇಲೆ ಹುಡುಕಿದರೂ ಸಿಗಲಿಲ್ಲ. ಬಣ್ಣ ಯಾವುದು ಅನ್ನುವ ಪ್ರಶ್ನೆ ಹೀಗೆ ತೀರಿತು. ಕಾಫಿ ಚೆಲ್ಲಿದರೂ ಇದೇ ಕ್ರಮ. ಬಟ್ಟೆ ಸೋಪು ಮಾತ್ರ ಹಚ್ಚಬೇಡಿ, ಕಾಫಿ-ಟೀ ಕಲೆಯನ್ನು ಅದು ಇನ್ನಷ್ಟು ಗಟ್ಟಿ ಮಾಡುತ್ತದೆ.

ಅಳತೆ

ನಮ್ಮ ಹಾಲ್ 9 ಅಡಿ 8 ಇಂಚು ಅಗಲ, 11 ಅಡಿ 10 ಇಂಚು ಉದ್ದ. ಒಳಗೋಡೆಗೆ ಒರಗಿಸಿದ ಮೂರು ಜನರ ಸೋಫಾ 6 ಅಡಿ 2 ಇಂಚು. ಎರಡು ಬೆತ್ತದ ಕುರ್ಚಿ, ಒಂದು ಟೀಪಾಯಿ. ಮುಂಬಾಗಿಲು ಒಳಗಡೆಗೆ ತೆರೆಯುತ್ತದೆ, ಅದಕ್ಕೆ 3 ಅಡಿ ಜಾಗ ಬೇಕು. ಬಾಗಿಲಿನ ಅಡಿಯ ಸಂದು ಅರ್ಧ ಇಂಚು. ಹಳೇ ಕಾರ್ಪೆಟ್ 5 ಅಡಿಗೆ 8 ಅಡಿ, ಅರ್ಧ ಇಂಚಿಗಿಂತ ದಪ್ಪ. ಬಾಗಿಲು ಅದರ ಅಂಚನ್ನು ಉಜ್ಜಿ ಉಜ್ಜಿ ಬೋಳು ಮಾಡಿತ್ತು.

ಹಳೇ ಪೇಪರುಗಳನ್ನು ಟೇಪಿನಿಂದ ಜೋಡಿಸಿ ಮೂರು ಅಳತೆ ಮಾಡಿಕೊಂಡೆ: 4 ಅಡಿಗೆ 6, 5ಕ್ಕೆ 7, 6ಕ್ಕೆ 9. ಒಂದೊಂದನ್ನೂ ಎರಡು ದಿನ ಹಾಲ್‌ನಲ್ಲಿ ಹಾಸಿಟ್ಟು ಅದರ ಮೇಲೇ ಓಡಾಡಿದೆವು. ಅಂಗಡಿಯಲ್ಲಿ ನಿಂತು ಅಂದಾಜು ಮಾಡುವುದಕ್ಕಿಂತ ಇದು ಸಾವಿರ ಪಾಲು ವಾಸಿ. 4ಕ್ಕೆ 6 ಹಾಕಿದಾಗ ಹಾಲ್ ಇನ್ನೂ ಚಿಕ್ಕದಾಗಿ ಕಂಡಿತು. ಸೋಫಾಗಿಂತ ಕಿರಿದಾದ ಹಾಸು ನೆಲದ ಮೇಲೆ ಕರವಸ್ತ್ರ ಬಿದ್ದ ಹಾಗಿರುತ್ತದೆ. 6ಕ್ಕೆ 9 ಹಾಕಿದಾಗ ಬಾಗಿಲು ಪೇಪರ್ ಹರಿಯಿತು, ಇನ್ನೊಂದು ಕಡೆ ಅಂಚು ಆ ತೇವದ ಪಟ್ಟಿಯ ಮೇಲೆ ಹೋಗಿ ಕೂತಿತು. 5ಕ್ಕೆ 7 ಸರಿಯಾಗಿ ಹೊಂದಿತು. ಸೋಫಾದ ಎರಡೂ ಬದಿಗೆ 5 ಇಂಚು ಹೆಚ್ಚು, ಸೋಫಾದ ಮುಂದಿನ ಕಾಲುಗಳು ಅರ್ಧ ಅಡಿ ಹಾಸಿನ ಮೇಲೆ, ಹೊರಗೋಡೆಗೆ 28 ಇಂಚು ಖಾಲಿ ನೆಲ. ಸಣ್ಣ ಕೋಣೆಯಲ್ಲಿ ಸುತ್ತಲೂ ನೆಲ ಕಂಡರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಕೆಂಪು ನೆಲ ಹೇಗೂ ಮುಚ್ಚಿಡುವಂಥದ್ದಲ್ಲ. ಅತ್ತೆ ಐವತ್ತು ವರ್ಷ ತೆಂಗಿನ ಗರಟದಿಂದ ಉಜ್ಜಿ ಮಿರುಗಿಸಿದ ನೆಲ ಅದು.

ಅಂಗಡಿಗಳು, ಬೈಲುಕುಪ್ಪೆ

ಅಕ್ಟೋಬರ್‌ನಲ್ಲಿ ಸುತ್ತಾಟ. ಒಂದು ಅಂಗಡಿಯಲ್ಲಿ "ಪ್ಯೂರ್ ಉಲ್ಲನ್" ಅಂತ ಒಂದು ತೋರಿಸಿದರು. ಅಂಚಿನಿಂದ ಒಂದು ಎಳೆ ನೂಲು ಕೇಳಿ ತಂದು ಮನೆಯಲ್ಲಿ ಬೆಂಕಿಕಡ್ಡಿ ಹಿಡಿದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಇದು ಕರಗಿ ಗಟ್ಟಿ ಕಪ್ಪು ಮಣಿಯಾಯಿತು. ಪ್ಲಾಸ್ಟಿಕ್ ನೂಲೇ.

ಕುಶಾಲನಗರ ದಾಟಿದರೆ ಕಾವೇರಿಯ ಆಚೆ ಬೈಲುಕುಪ್ಪೆ. ಅಲ್ಲಿನ ಟಿಬೆಟನ್ ಕಾರ್ಪೆಟ್ ನೋಡಲೇಬೇಕು ಅಂತ ಹೋದೆವು. ಮಗ್ಗದ ಮುಂದೆ ಒಂದು ಸರಳು ಅಡ್ಡ ಹಿಡಿದು, ನೂಲನ್ನು ಅದರ ಸುತ್ತ ಸುತ್ತಿಕೊಂಡೇ ಗಂಟು ಹಾಕುತ್ತಾ ಹೋಗುತ್ತಾರೆ. ಒಂದು ಸಾಲು ಮುಗಿದ ಮೇಲೆ ಸರಳಿನ ಉದ್ದಕ್ಕೂ ಕತ್ತಿ ಆಡಿಸುತ್ತಾರೆ, ಸುರುಳಿಗಳೆಲ್ಲ ಕತ್ತರಿಸಿ ರೋಮವಾಗಿ ನಿಲ್ಲುತ್ತವೆ. ಬೆನ್ನಿಗೆ ಅಂಟಿಲ್ಲ, ಮುಚ್ಚಿದ ಬಟ್ಟೆ ಇಲ್ಲ. ಮಲಗಲು ಅವರು ಬಳಸುವ 3 ಅಡಿಗೆ 6 ಅಡಿಯ ಅಳತೆ ಸಣ್ಣ ಮನೆಗೆ ತುಂಬಾ ಒಪ್ಪುತ್ತದೆ. ಕೈಯಿಟ್ಟರೆ ತೆಗೆಯಲು ಮನಸ್ಸಾಗದು. ನಮ್ಮ ಮನೆ ಕುಶಾಲನಗರದಲ್ಲಿ ಇದ್ದಿದ್ದರೆ ನಾನು ಅದನ್ನೇ ತರುತ್ತಿದ್ದೆ. ಮಡಿಕೇರಿಯಿಂದ 30 ಕಿ.ಮೀ. ಅಷ್ಟೇ, ಆದರೆ ಅಲ್ಲಿ ಬೀಳುವ ಮಳೆ ನಮ್ಮ ಅರ್ಧದಷ್ಟೂ ಇಲ್ಲ. ನಮ್ಮಲ್ಲಿ ದಪ್ಪ ಉಣ್ಣೆ ನಾಲ್ಕು ತಿಂಗಳು ಒಣಗುವುದಿಲ್ಲ. ಎತ್ತಿ ಕಟ್ಟಿಟ್ಟರೆ ನುಸಿ ಹುಳ ತಿನ್ನುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟು ಬಂದೆ.

ಎರಡು ತುಂಡು

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಹತ್ತಿ, ನೇಯ್ದದ್ದು, ತೆಳುವಾದದ್ದು, ಕಡುಬಣ್ಣದ್ದು. ಇಷ್ಟು ಗೊತ್ತಾಗಿದೆ. ಆದರೆ 5ಕ್ಕೆ 7ರ ಗಟ್ಟಿ ಜಮಖಾನ ಒಣಗಿದಾಗಲೇ 6 ಕೆ.ಜಿ. ಇರುತ್ತದೆ. ಒದ್ದೆಯಾದರೆ ಅದರ ದುಪ್ಪಟ್ಟು. ಅದನ್ನು ನಾನು ಒಬ್ಬಳೇ ಎತ್ತಬೇಕು, ಎತ್ತಿ ಎಲ್ಲಾದರೂ ಒಣಹಾಕಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಒಣ ಬಿಸಿ ಇರುವ ಜಾಗ ಒಂದೇ, ಹಂಡೆ ಒಲೆ ಉರಿಯುವ ಬಚ್ಚಲುಮನೆ. ಅದರ ಅಗಲ 4 ಅಡಿ. 5 ಅಡಿಯ ಹಾಸನ್ನು ಅಲ್ಲಿ ಬಿಡಿಸಲು ಆಗುವುದಿಲ್ಲ.

ಹಾಗಾದರೆ ಎರಡೂವರೆ ಅಡಿಗೆ 7 ಅಡಿಯ ಎರಡು ತುಂಡು ಮಾಡಿಸಿ, ಅಡಿಯಿಂದ ಜೋಡಿಸಿದರೆ? ನೋಡುವವರಿಗೆ ಒಂದೇ ಹಾಸು. ಬೇಕಾದಾಗ ಬಿಚ್ಚಿ ಅರ್ಧರ್ಧ ಒಣಗಿಸಬಹುದು.

ಹುಬ್ಬಳ್ಳಿಯಲ್ಲಿ ಚಿಕ್ಕಮ್ಮ ಇದ್ದಾರೆ. ಅಲ್ಲಿಂದ ನವಲಗುಂದ ಹತ್ತಿರ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ನೇಯುವವರು ಹೆಂಗಸರು. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ತೂರಿಸಿ, ಹಣಿಗೆಯ ಹಾಗಿರುವ ಕಬ್ಬಿಣದ ಪಂಜದಿಂದ ಬಡಿದು ಕೂರಿಸುತ್ತಾರೆ. ಅಷ್ಟು ಬಡಿಯುವುದರಿಂದಲೇ ಅದು ತೆಳುವಾಗಿದ್ದರೂ ಬಿಗಿ. ಈಗ ಈ ಕಸುಬು ಉಳಿಸಿಕೊಂಡಿರುವವರು ಕೆಲವರೇ. ಚಿಕ್ಕಮ್ಮ ಹೋಗಿ, ನೇಯುವ ಒಬ್ಬ ಅಕ್ಕನ ಹತ್ತಿರ ಫೋನ್ ಕೊಟ್ಟರು.

"ಎರಡ ತುಣಕ ಯಾಕ್ರೀ ಅಕ್ಕಾರ? ಒಂದ ಮಾಡಿದ್ರ ಛಂದ ಕಾಣತೈತಿ."

ನಮ್ಮ ಮಳೆ, ಬಚ್ಚಲ ಒಲೆ, ಅತ್ತೆಯ ಮಂಡಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಎರಡಕ್ಕೂ ಸುತ್ತ ಅಂಚ ಹಾಕ್ತೀನ್ರಿ. ಒಂದ ಹಾಸಿದ್ರೂ ಅರ್ಧ ಅನ್ನಸಬಾರ್ದು ನೋಡ್ರಿ" ಅಂದರು. ಈ ಮಾತು ನನಗೆ ಹೊಳೆದೇ ಇರಲಿಲ್ಲ. ಇಡೀ ಕೆಲಸದಲ್ಲಿ ಅತ್ಯಂತ ಒಳ್ಳೆಯ ಸಲಹೆ ಅವರದ್ದೇ. ಕಡುಗೆಂಪು ಮೈ, ನೀಲಿ ಅಂಚು, ಮಧ್ಯೆ ಪಗಡೆ ಹಾಸಿನ ಚಿತ್ತಾರ ಅಂತ ಮಾತಾಯಿತು.

ಜೋಡಿಸಿದ್ದು

ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ವಾರ ಪಾರ್ಸೆಲ್ ಬಂತು. ಮೊದಲು ಬಣ್ಣದ ಪರೀಕ್ಷೆ. ಬಿಳಿ ಪಂಚೆಯ ತುಂಡು ಒದ್ದೆ ಮಾಡಿ ಕೆಂಪು, ನೀಲಿ ಎರಡರ ಮೇಲೂ ಒತ್ತಿ ಹತ್ತು ನಿಮಿಷ ಬಿಟ್ಟೆ. ಕೆಂಪು ಒಂಚೂರು ಬಿಟ್ಟಿತು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ತಣ್ಣೀರಿನಲ್ಲಿ ಮೂರು ಸಲ ಜಾಲಿಸಿ, ಡಿಸೆಂಬರ್ ಬಿಸಿಲಿನಲ್ಲಿ ಅಂಗಳದ ನೆರಳು ಬೀಳುವ ಕಡೆ ಒಣಗಿಸಿದೆ. ಮೂರನೇ ನೀರು ತಿಳಿಯಾಗಿ ಬಂತು.

ಜೋಡಣೆ ಮೊದಲ ಸಲ ಸರಿಯಾಗಲಿಲ್ಲ. ಎರಡು ತುಂಡಿಗೂ ಅಡಿಯಲ್ಲಿ ಒಂದೊಂದು ಅಡಿಗೆ ಹತ್ತಿ ಲಾಡಿ ಹೊಲಿದು ಗಂಟು ಹಾಕಿದೆ. ನೋಡಲು ಚೆನ್ನಾಗಿತ್ತು, ನಡೆದರೆ ಪ್ರತಿ ಗಂಟೂ ಕಾಲಿಗೆ ಕಲ್ಲಿನ ಹಾಗೆ ಸಿಗುತ್ತಿತ್ತು. ಅತ್ತೆ ಎರಡನೇ ದಿನವೇ ಅದನ್ನು ಸುತ್ತಿ ಬಳಸಿಕೊಂಡು ಓಡಾಡತೊಡಗಿದರು. ಅಂಟುವ ವೆಲ್ಕ್ರೋ ಯೋಚಿಸಿದೆ, ಆದರೆ ಅದರ ಮುಳ್ಳು ಜಮಖಾನದ ಎಳೆಗಳನ್ನೇ ಎಳೆದು ಹಾಕುತ್ತದೆ.

ಎರಡನೇ ಸಲ ಮಾಡಿದ್ದು ಹೀಗೆ. ಅರ್ಧ ಇಂಚು ಅಗಲದ ಹತ್ತಿ ಲಾಡಿಯನ್ನು ಎರಡೆರಡು ಇಂಚಿಗೆ ಕತ್ತರಿಸಿ ಮಡಚಿ ಸಣ್ಣ ಕುಣಿಕೆ ಮಾಡಿದೆ. ಒಂದೊಂದು ತುಂಡಿಗೆ 14ರಂತೆ ಒಟ್ಟು 28. ಅವನ್ನು ಹಾಸಿನ ಅಡಿಬದಿಯಲ್ಲಿ, ಅಂಚಿನಿಂದ ಕಾಲು ಇಂಚು ಒಳಗೆ, ಅರ್ಧ ಅಡಿಗೊಂದರಂತೆ ಹೊಲಿದೆ. ನೂಲಿಗೆ ಮೇಣ ಉಜ್ಜಿಕೊಂಡು, ದಬ್ಬಣದಿಂದ. ಹೊಲಿಗೆ ಹಾಸಿನ ಮೇಲ್ಮೈಗೆ ಬರದ ಹಾಗೆ ಅಡ್ಡ ನೂಲನ್ನು ಮಾತ್ರ ಹಿಡಿಯಬೇಕು. ಅದಕ್ಕೆ ಬೆರಳನ್ನು ಕೆಳಗಿಟ್ಟುಕೊಂಡು ದಬ್ಬಣದ ತುದಿ ಚರ್ಮಕ್ಕೆ ತಾಗುವ ಮುಂಚೆ ತಿರುಗಿಸಬೇಕು. ಮೂರು ಸಂಜೆ ಹಿಡಿಯಿತು. ಆಮೇಲೆ ಎರಡೂ ತುಂಡನ್ನು ಮಗುಚಿ ಪಕ್ಕಪಕ್ಕ ಇಟ್ಟು, 3 ಮಿ.ಮೀ. ಹತ್ತಿ ಹುರಿಯನ್ನು ಶೂ ಲೇಸಿನ ಹಾಗೆ ಆ ಕಡೆ ಈ ಕಡೆ ಕುಣಿಕೆಗಳಲ್ಲಿ ಪೋಣಿಸುತ್ತಾ ಹೋದೆ. ಎಳೆದರೆ ಎರಡು ಅಂಚೂ ಕೂಡಿಕೊಳ್ಳುತ್ತವೆ. ತುದಿಯಲ್ಲಿ ಒಂದೇ ಗಂಟು, ಅದು ಹಾಸಿನ ಕೊನೆಯಲ್ಲಿ, ಕಾಲು ಬೀಳದ ಕಡೆ. ಬಿಚ್ಚಬೇಕಾದರೆ ಆ ಗಂಟು ತೆಗೆದು ಹುರಿ ಎಳೆದರೆ ಆಯಿತು. ಮಧ್ಯೆ ಬರುವ ಎರಡು ನೀಲಿ ಅಂಚು ಸೇರಿ ಒಂದು ಅಗಲ ಪಟ್ಟೆಯಾಗಿ ಕಾಣುತ್ತದೆ. ಅದರ ಮೇಲೆ ಟೀಪಾಯಿ ಕೂತಿದೆ.

ನುಣುಪು ನೆಲದ ಮೇಲೆ ಜಮಖಾನ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಬಿಡುವ ಹಾಗಿಲ್ಲ. ಜಾರದಂತೆ ಹಾಕುವ ರಬ್ಬರ್ ಜಾಲರಿ ತಂದೆ. ಪೂರ್ತಿ ಅಡಿಗೆ ಹಾಸದೆ, 4 ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ ನಾಲ್ಕು ಅಂಚಿಗೆ ಮತ್ತು ಮಧ್ಯದ ಜೋಡಣೆಯ ಅಡಿಗೆ ಮಾತ್ರ ಇಟ್ಟೆ. ಉಳಿದ ಕಡೆ ಗಾಳಿ ಆಡಲಿ ಅಂತ. ಎರಡು ಕಡೆ ಅಂಟುವ ಟೇಪ್ ಬಳಸಬೇಡಿ, ತೆಗೆಯುವಾಗ ನೆಲದ ಹೊಳಪೂ ಕಿತ್ತು ಬರುತ್ತದೆ.

ಬಚ್ಚಲುಮನೆಯ ಬಿದಿರು

ಮೇ ಕೊನೆ, ಮಳೆ ಹಿಡಿಯುವ ಮುಂಚೆ ಈ ಕೆಲಸ. 3 ಅಡಿ ಉದ್ದದ ಬಲಿತ ಬಿದಿರು, ಎರಡು ಸಣ್ಣ ರಾಟೆ, ನೈಲಾನ್ ಹಗ್ಗ. ಮಾಡಿನ ಪಕಾಸಿಗೆ ರಾಟೆ ಕಟ್ಟಿ, ಬಿದಿರಿನ ಎರಡು ತುದಿಯ ಹಗ್ಗ ಅದರ ಮೇಲೆ ಹಾಯಿಸಿ ಗೋಡೆಯ ಒಂದೇ ಗೂಟಕ್ಕೆ ತಂದೆವು. ಬಿದಿರನ್ನು ಸೊಂಟದ ಎತ್ತರಕ್ಕೆ ಇಳಿಸಿ ಹಾಸನ್ನು ಮಧ್ಯಕ್ಕೆ ಮಡಚಿ ಹಾಕುವುದು, ಹಗ್ಗ ಎಳೆದು ಮೇಲೇರಿಸುವುದು. 7 ಅಡಿಯ ಹಾಸು ಎರಡೂ ಕಡೆ ಮೂರೂವರೆ ಅಡಿ ಇಳಿಬೀಳುತ್ತದೆ. ಒಲೆಯ ಬಾಯಿಯಿಂದ ಪಕ್ಕಕ್ಕೆ 5 ಅಡಿ ದೂರ ಇಟ್ಟಿದ್ದೇವೆ. ಹತ್ತಿಗೆ ಕಿಡಿ ಬಿದ್ದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಆದ್ದರಿಂದ ದೂರದಲ್ಲಿ ರಾಜಿ ಬೇಡ. ರಾತ್ರಿ ಬೆಂಕಿ ಆರಿಸಿದ ಮೇಲೆ ಉಳಿಯುವ ಬಿಸಿಯೇ ಸಾಕು.

ಮತ್ತೆ ಜುಲೈ

ಈ ವರ್ಷ ಅದೇ ಎರಡನೇ ವಾರ ಪ್ಲಾಸ್ಟಿಕ್ ಹಾಳೆಗಳನ್ನು ಮತ್ತೆ ಅಂಟಿಸಿದೆ. ಹೊರಗೋಡೆಯ ತೇವದ ಪಟ್ಟಿ 2 ಅಡಿಯಿಂದ 8 ಇಂಚಿಗೆ ಇಳಿದಿದೆ. ಹಾಸಿನಿಂದ ಅದು ಬಹಳ ದೂರ.

ಜೂನ್ ಮಧ್ಯದಲ್ಲಿ ಹುರಿ ಎಳೆದು ಎರಡು ತುಂಡು ಬೇರೆ ಮಾಡಿದೆ. ಈಗ ಸೋಫಾ ಮುಂದೆ ಒಂದೇ ತುಂಡು ಹಾಸಿರುತ್ತದೆ, ಸೋಫಾ ಕಾಲಿನಿಂದ ಈಚೆಗೆ ಎಳೆದು. ಇನ್ನೊಂದು ಬಿದಿರಿನ ಮೇಲೆ. ಪ್ರತಿ ಬುಧವಾರ ಮತ್ತು ಭಾನುವಾರ ಅದಲು ಬದಲು. ಒಂದು ತುಂಡು ಒಣಗಿದಾಗ 3 ಕೆ.ಜಿ. ಹತ್ತಿರ, ಹಾಲ್‌ನಲ್ಲಿ ನಾಲ್ಕು ದಿನ ಇದ್ದ ಮೇಲೆ 300 ಗ್ರಾಂ ಜಾಸ್ತಿ. ಎರಡು ರಾತ್ರಿಯಲ್ಲಿ ಮತ್ತೆ ಹಳೇ ತೂಕಕ್ಕೆ ಬರುತ್ತದೆ. ಬದಲಿಸಲು ನನಗೆ ಐದು ನಿಮಿಷ ಸಾಕು, ಯಾರನ್ನೂ ಕರೆಯಬೇಕಿಲ್ಲ. ನವಲಗುಂದದ ಅಕ್ಕ ಹೇಳಿದ ಹಾಗೇ, ಒಂದೇ ಹಾಸಿದ್ದರೂ ಅರ್ಧ ಅನ್ನಿಸುವುದಿಲ್ಲ.

ಮೊನ್ನೆ ಬುಧವಾರ ಒಲೆಯ ಹತ್ತಿರದಿಂದ ತಂದು ಹಾಸಿದಾಗ ಅದಿನ್ನೂ ಬೆಚ್ಚಗಿತ್ತು. ಸೌದೆ ಹೊಗೆಯ ವಾಸನೆ ಒಂಚೂರು. ಅತ್ತೆ ಎರಡೂ ಪಾದ ಊರಿ, ಬೆರಳು ಬಿಡಿಸಿ, "ಕುರ್ಚಿ ಇಲ್ಲೇ ಎಳಿಯಮ್ಮ" ಅಂದರು.

ಬಾಕಿ ಇರುವ ಕೆಲಸ: ಮೂರು ಕುಣಿಕೆಗಳ ಹೊಲಿಗೆ ಸಡಿಲವಾಗಿದೆ, ಪುನಃ ಹಾಕಬೇಕು. ಬಾಗಿಲ ಹೊರಗೆ ತೆಂಗಿನ ನಾರಿನ ಹಾಸು ಒಂದು ಸಾಲದು. ತೋಟದ ಕೆಸರು, ಜಿಗಣೆ ಎರಡೂ ಮೆಟ್ಟಿಲಲ್ಲೇ ನಿಲ್ಲಬೇಕಾದರೆ ಇನ್ನೊಂದು ಬೇಕು. ಸೆಪ್ಟೆಂಬರ್‌ನಲ್ಲಿ ಚರಂಡಿಗೆ ಬಿದ್ದ ಮಣ್ಣು ಮತ್ತೊಮ್ಮೆ ತೆಗೆಯಬೇಕು.